ಪ್ರಶ್ನೋತ್ತರ: ಚಾರ್ಟ್ ಒಂದು ಹೇಳುತ್ತೆ, ಹಾಸಿಗೆ ಇನ್ನೊಂದು

ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳಿಂದ ಸರ್ಕಾರಿ ತಪಾಸಣೆಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಹಾಸಿಗೆ ಹಿಡಿದವರಿಗೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಚಾರ್ಟ್ ಇಟ್ಟಿದ್ದೇವೆ. ಅದರಲ್ಲಿ ಒಂದು ಮನೆಯೂ ಖಾಲಿ ಇಲ್ಲ. ಆದರೂ ತಪಾಸಣೆಗೆ ಬಂದವರು ಅದರ ಮೇಲೇ ಆಕ್ಷೇಪ ಬರೆದು ಹೋದರು. ಯಾಕೆ?

ಉತ್ತರ: ಖಾಲಿ ಮನೆ ಇಲ್ಲದ್ದೇ ಅನುಮಾನಕ್ಕೆ ದಾರಿಯಾಗಿರಬಹುದು. ರಾತ್ರಿಯಿಡೀ 10, 12, 2, 4 ಎಂದು ಸರಿಗಂಟೆ, ಒಂದೇ ಪೆನ್ನು, ಒಂದೇ ಕೈಬರಹ. ಪಾಳಿ ಮುಗಿಯುವಾಗ ಕೂತು ತುಂಬಿದ ಚಾರ್ಟ್ ಇದು ಎಂದು ಪಳಗಿದ ಕಣ್ಣಿಗೆ ಥಟ್ಟನೆ ತಿಳಿಯುತ್ತದೆ. ಇಬ್ಬರು ಸೇರಿ ಇಪ್ಪತ್ತು ಜನರನ್ನು ಒಂದೇ ನಿಮಿಷದಲ್ಲಿ ಹೊರಳಿಸಲಾಗದು. ನಿಜವಾದ ಚಾರ್ಟ್‌ನಲ್ಲಿ 9:50, 10:05, 10:20 ಎಂದಿರುತ್ತದೆ. ತಪಾಸಕರು ಆ ಹಾಳೆ ಹಿಡಿದು ನೇರವಾಗಿ ಹಾಸಿಗೆಯ ಬಳಿ ಹೋಗುತ್ತಾರೆ. ಹಾಳೆಯಲ್ಲಿ ‘ಎಡಮಗ್ಗುಲು’ ಎಂದಿದ್ದು ಅಜ್ಜಿ ಅಂಗಾತ ಮಲಗಿದ್ದರೆ, ಅಲ್ಲಿಂದಾಚೆ ನಿಮ್ಮ ಯಾವ ಪುಸ್ತಕವನ್ನೂ ಅವರು ನಂಬುವುದಿಲ್ಲ.

ಚಾರ್ಟನ್ನು ಕಚೇರಿಯಿಂದ ಹಾಸಿಗೆಯ ಕಾಲುಬದಿಗೆ ತನ್ನಿ. ಹೊರಳಿಸಿದವರೇ, ಹೊರಳಿಸಿದ ಕೂಡಲೇ ಬರೆಯಲಿ. ಮರೆತಿದ್ದರೆ ‘ತಡವಾಗಿ ಬರೆದದ್ದು’ ಎಂದು ಬರೆದು, ಬರೆಯುವ ಹೊತ್ತಿನ ಸಮಯವನ್ನೂ ಹಾಕಲಿ. ತಪ್ಪಾಗಿದ್ದರೆ ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ವೈಟ್ನರ್ ಬಾಟಲಿಯನ್ನು ವಾರ್ಡಿನಿಂದಲೇ ಆಚೆ ಹಾಕಿ.

ಎರಡನೆಯ ಮಾತು: ಎಲ್ಲರ ಕೇರ್ ಪ್ಲಾನ್‌ನಲ್ಲೂ (ಒಬ್ಬೊಬ್ಬರ ಆರೈಕೆಗೆಂದು ಬರೆಯುವ ಯೋಜನೆ) ‘2 ಗಂಟೆಗೊಮ್ಮೆ ಮಗ್ಗುಲು’ ಎಂಬ ಅದೇ ಸಾಲು ಇದೆಯೇ? ಇದ್ದರೆ ಅದು ಯಾರ ಪ್ಲಾನೂ ಅಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹಾಸಿಗೆ ಹುಣ್ಣಿನ ಅಪಾಯ ಯಾರಿಗೆ ಎಷ್ಟೆಂದು ಮೊದಲು ಅಳೆಯಬೇಕು; 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಮಲಗಿದಲ್ಲೇ ಕದಲುವ ಶಕ್ತಿ, ಆಹಾರ, ಉಜ್ಜುವಿಕೆ ಎಂಬ ಆರು ಅಂಶಗಳಿಗೆ ಅಂಕ. ಮೊತ್ತ 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಕೆಳಗಿದ್ದರೆ ಎಚ್ಚರ. ಆದರೆ ಬರೀ ಮೊತ್ತ ಬರೆದಿಟ್ಟರೆ ಏನೂ ಪ್ರಯೋಜನವಿಲ್ಲ. ಅಂಕ ಎಲ್ಲಿ ಕಳೆಯಿತೋ ಪ್ಲಾನ್ ಅಲ್ಲಿಗೆ ಹೋಗಬೇಕು. ತೇವದಲ್ಲಿ ಕಳೆದಿದ್ದರೆ ಡೈಪರ್ ನೋಡುವ ವೇಳೆ, ಆಹಾರದಲ್ಲಿ ಕಳೆದಿದ್ದರೆ ತೂಕ ಮತ್ತು ಪ್ರೋಟೀನ್. ಸೇರಿಸಿಕೊಂಡ ದಿನ, ನಂತರ ಮೊದಲ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಅಂಕ ಹಾಕುವುದು ಒಳ್ಳೆಯ ರೂಢಿ. ಜ್ವರ ಬಂದರೆ, ಊಟ ಬಿಟ್ಟರೆ, ಆಸ್ಪತ್ರೆಗೆ ಹೋಗಿ ಬಂದರೆ ಅವಧಿಗೆ ಕಾಯಬೇಡಿ.

ಹೊರಳಿಸುವಾಗ ಪೂರಾ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಮೇಲೆತ್ತಿ. ಊಟದ ಹೊತ್ತು ಬಿಟ್ಟರೆ, ವೈದ್ಯರು ಬೇರೆ ಹೇಳದಿದ್ದರೆ, ತಲೆಭಾಗ 30 ಡಿಗ್ರಿ ಮೀರದಿರಲಿ. ಮೀರಿದರೆ ಮೈ ಕೆಳಕ್ಕೆ ಜಾರಿ ಬಾಲಮೂಳೆಯ ಮೇಲಿನ ಚರ್ಮ ಒಳಗೊಳಗೇ ಎಳೆದುಹೋಗುತ್ತದೆ. ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಬಣ್ಣವೇ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಕೈಯಿಟ್ಟು ಬಿಸಿ ಮತ್ತು ಗಡಸುತನ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ರಿಂಗ್ ದಿಂಬೂ ಬೇಡ, ಅದು ಸುತ್ತಲಿನ ರಕ್ತ ಸಂಚಾರ ತಡೆಯುತ್ತದೆ.

ಪ್ರಶ್ನೆ: ರಾತ್ರಿ ಎದ್ದು ಬೀಳುತ್ತಾರೆಂದು ಒಬ್ಬ ಹಿರಿಯರ ಮಗ, ‘ಮಂಚದ ಎರಡೂ ಕಡೆ ಕಂಬಿ ಏರಿಸಿಬಿಡಿ, ನಾನೇ ಬರೆದುಕೊಡುತ್ತೇನೆ’ ಎನ್ನುತ್ತಿದ್ದಾರೆ. ಏರಿಸಬಹುದೇ?

ಉತ್ತರ: ಮಗ ಬರೆದುಕೊಟ್ಟ ಮಾತ್ರಕ್ಕೆ ಸಾಲದು. ಏಳಬಲ್ಲವರನ್ನು ಏಳದಂತೆ ತಡೆದರೆ ಅದು ಕಟ್ಟಿಹಾಕಿದಂತೆಯೇ ಲೆಕ್ಕ. ಮೊದಲು ಬೇಕಾದದ್ದು ಆ ಹಿರಿಯರ ಒಪ್ಪಿಗೆ. ಅವರಿಗೆ ಅದು ಅರ್ಥವಾಗದ ಸ್ಥಿತಿಯಿದ್ದರೆ ವೈದ್ಯರ ಲಿಖಿತ ನಿರ್ಣಯ, ಕಾರಣ, ಅವಧಿ, ಮುಂಚೆ ಮಾಡಿ ನೋಡಿದ ಬೇರೆ ಉಪಾಯಗಳು ಎಲ್ಲವೂ ಫೈಲಿನಲ್ಲಿರಬೇಕು. ಕಂಬಿಯಿಂದ ಬೀಳುವುದು ನಿಲ್ಲುತ್ತದೆ ಎನ್ನುವುದೂ ಅಷ್ಟು ಸರಿಯಲ್ಲ. ಗೊಂದಲದಲ್ಲಿರುವವರು ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಕಂಬಿಗೂ ಹಾಸಿಗೆಗೂ ನಡುವೆ 12 ಸೆಂಟಿಮೀಟರ್ ಸಂದಿ ಇದ್ದರೆ ತಲೆ ಸಿಕ್ಕಿಕೊಳ್ಳಬಹುದು; ಹಾಸಿಗೆ ಬದಲಿಸಿದಾಗಲೆಲ್ಲ ಅಳತೆ ತೆಗೆಯಿರಿ.

ಅವರು ಏಳುವುದು ಯಾಕೆಂದು ನೋಡಿ. ಬಹಳ ಸಲ ಮೂತ್ರಕ್ಕೆ. ಮೂರು ರಾತ್ರಿ ಏಳುವ ಸಮಯ ಬರೆದಿಟ್ಟು, ಅದಕ್ಕೆ ಅರ್ಧ ಗಂಟೆ ಮುಂಚೆ ನೀವೇ ಕರೆದೊಯ್ಯಿರಿ. ಮಂಚ ತಗ್ಗಿಸಿ, ಚಪ್ಪಲಿ ಕೈಗೆಟುಕುವಲ್ಲಿಡಿ, ಶೌಚಾಲಯದ ದಾರಿಗೆ ಮಂದ ದೀಪ ಹಾಕಿ. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ; ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ, ನಿದ್ದೆ ಮಾತ್ರೆಗಳ ಪಟ್ಟಿಯನ್ನೂ ಮುಂದಿಡಿ.

ಪ್ರಶ್ನೆ: ಔಷಧದ ಚಾರ್ಟ್‌ನಲ್ಲಿ ಸಹಿ ಬಿಟ್ಟುಹೋಗುತ್ತದೆ. ಎಲ್ಲರಿಗೂ ಕೊಟ್ಟು ಮುಗಿಸಿ ಒಟ್ಟಿಗೆ ಸಹಿ ಹಾಕಿದರೆ ಬಿಡುವುದಿಲ್ಲವಲ್ಲ?

ಉತ್ತರ: ಬಿಡುವುದಿಲ್ಲ, ಆದರೆ ನುಂಗದವರಿಗೂ ಸಹಿ ಬೀಳುತ್ತದೆ. ಸಹಿ ಅಂದರೆ ‘ನುಂಗಿದ್ದನ್ನು ನೋಡಿದೆ’ ಎಂದರ್ಥ. ಒಬ್ಬರಿಗೆ ಕೊಟ್ಟು, ನೋಡಿ, ಸಹಿ ಹಾಕಿ ಮುಂದಿನವರ ಬಳಿ ಹೋಗಬೇಕು. ಬೇಡವೆಂದರೆ, ವಾಂತಿಯಾದರೆ, ಹೊರಗೆ ಹೋಗಿದ್ದರೆ ಒಂದೊಂದಕ್ಕೂ ಗುರುತು ಇಟ್ಟುಕೊಳ್ಳಿ. ಖಾಲಿ ಮನೆ ಕಂಡರೆ ಮುಂದಿನ ಪಾಳಿಯವರಿಗೆ ಮತ್ತೆ ಕೊಡಬೇಕೋ ಬೇಡವೋ ತಿಳಿಯದೆ ಎರಡು ಡೋಸ್ ಬೀಳುವ ಅಪಾಯವಿದೆ.

‘ಬೇಕಾದಾಗ’ ಎಂದು ಬರೆದ ಮಾತ್ರೆಗೆ ಯಾವ ಲಕ್ಷಣಕ್ಕೆ, ಎಷ್ಟು, 24 ಗಂಟೆಯಲ್ಲಿ ಗರಿಷ್ಠ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಕೊಟ್ಟ ಮೇಲೆ ನೋವು ಇಳಿಯಿತೇ ಎಂಬುದೂ ದಾಖಲಾಗಲಿ. ಹೆಚ್ಚಿನ ಕಡೆ ಬಿಟ್ಟುಹೋಗುವುದು ಇದೇ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ, ಔಷಧತಜ್ಞರನ್ನು ಕೇಳದೆ ಕುಟ್ಟಬೇಡಿ. ಔಷಧದ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್. ಅಲ್ಲಿನ ಥರ್ಮಾಮೀಟರ್ ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವಂಥದ್ದಿರಲಿ, ಇಲ್ಲದಿದ್ದರೆ ರಾತ್ರಿ ಹೆಪ್ಪುಗಟ್ಟಿದ್ದು ಬೆಳಿಗ್ಗೆ ತಿಳಿಯುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯುವುದಕ್ಕೇ ಸರಿ.

ಪ್ರಶ್ನೆ: ಒಬ್ಬರು ಬಿಸಿನೀರು ತಗ್ಗಿಸಿ ಎನ್ನುತ್ತಾರೆ, ಇನ್ನೊಬ್ಬರು ಏರಿಸಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ. ಟ್ಯಾಂಕಿನಲ್ಲಿ 60 ಡಿಗ್ರಿ ಇರಬೇಕು, ಇಲ್ಲದಿದ್ದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸ್ನಾನದ ನೀರು 44 ಮೀರಬಾರದು, ಹಿರಿಯರ ತೆಳು ಚರ್ಮ ಸುಡುತ್ತದೆ. ನಡುವೆ, ನಲ್ಲಿಯ ಹತ್ತಿರವೇ, ಬಿಸಿನೀರಿಗೆ ತಣ್ಣೀರು ಬೆರೆಸಿ ಒಂದೇ ಹದದಲ್ಲಿ ಬಿಡುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸಿ. ತಣ್ಣೀರನ್ನು ನಿಲ್ಲಿಸಿ ಪರೀಕ್ಷಿಸಿ, ಬಿಸಿನೀರೂ ತಾನಾಗಿ ನಿಂತರೆ ವಾಲ್ವ್ ಸರಿಯಿದೆ. ಖಾಲಿ ಕೋಣೆಗಳ ನಲ್ಲಿಯನ್ನೂ ವಾರಕ್ಕೊಮ್ಮೆ ಕೆಲವು ನಿಮಿಷ ಬಿಟ್ಟು, ದಿನಾಂಕ ಬರೆದಿಡಿ.