ರೀಲ್ಸ್ ಹುಡುಗ ಮತ್ತು ಅವನ ಆಯಿ: ಒಂದು ಆಪ್ತಸಲಹೆ ಪ್ರಕರಣ

ಶ್ರಾವಣದ ಮೂರನೇ ವಾರ. ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ತಾಯಿ, ಮಗ ಬಂದಿದ್ದರು. ಕೂಡುವ ಮೊದಲೇ ತಾಯಿ ಹೇಳಿದ್ದು: "ಮೇಡಂ, ಇಂವ ರಾತ್ರಿ ಮಲಗಂಗಿಲ್ರಿ, ನೆಟ್ಟಗ ಉಣ್ಣಂಗಿಲ್ಲ. ಆ ಫೋನ್ ಕಸ್ಕೊಳ್ರಿ." (ಹುಡುಗನ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 22 ವರ್ಷ. ಬಿಎ ಕೊನೆಯ ಸೆಮಿಸ್ಟರಿನ ಎರಡು ವಿಷಯ ಬಾಕಿ ಉಳಿಸಿಕೊಂಡಿದ್ದಾನೆ. ತಂದೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಇನ್‌ಸ್ಟಾಗ್ರಾಮಿನಲ್ಲಿ ಇವನಿಗೆ 2.3 ಲಕ್ಷ ಫಾಲೋವರ್ಸ್. ವಿಡಿಯೊಗಳಲ್ಲಿ ಇರುವವರು ಇಬ್ಬರೇ, ಇವನು ಮತ್ತು ಇವನ ಆಯಿ, ಅಂದರೆ ಅಜ್ಜಿ. ಆಯಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿರುತ್ತಾರೆ, ಇವನು ಏನಾದರೂ ಕೇಳಿ ಕೆಣಕುತ್ತಾನೆ, ಆಯಿ ಬೈಯುತ್ತಾರೆ. ಬೆಂಗಳೂರು, ಮುಂಬೈಗೆ ದುಡಿಯಲು ಹೋದ ನಮ್ಮ ಕಡೆಯ ಮಂದಿ ಆ ಬೈಗುಳ ಕೇಳಲೆಂದೇ ನೋಡುತ್ತಾರೆ. ನಾನೂ ಹತ್ತಿಪ್ಪತ್ತು ನೋಡಿದೆ. ಹುಡುಗನ ಕಿವಿ ಸೂಕ್ಷ್ಮ. ಯಾವ ಮಾತಿಗೆ ಆಯಿ ಸಿಡಿಯುತ್ತಾರೆ, ಎಲ್ಲಿ ತಾನು ಸುಮ್ಮನಿರಬೇಕು ಎಂಬುದು ಅವನಿಗೆ ಗೊತ್ತು. ಅದು ಕಲಿಸಿ ಬರುವುದಲ್ಲ.

"ನಾ ಮುಗದೀನ್ರಿ ಮೇಡಂ," ಎಂದ. "ವ್ಯೂಸ್ ಬಿದ್ದಾವ. ತಿಂಗಳ ಮ್ಯಾಲಾತು, ಒಂದ್ ಅಂಗಡಿಯವ್ರೂ ಪ್ರಮೋಷನ್ನಿಗೆ ಕರೀವಲ್ರು."

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದಂತೆ ಎಂದು ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುವುದೇ ಹೆಚ್ಚು. "ಅಷ್ಟಕ್ಕ ಹೋಗಿಲ್ರಿ. ಆದ್ರ ಮುಂಜಾನೆ ಎದ್ದು ಏನ್ ಮಾಡ್ಲಿ ಅನಸ್ತದ" ಎಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ತಾಯಿ, ಮಗ ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿ, ನಿದ್ದೆಯ ಸಲುವಾಗಿ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಆ ದಿನ ನಾನೊಂದು ತಪ್ಪು ಮಾಡಿದೆ. ತಾಯಿಯ ಮಾತಿನ ಒತ್ತಡಕ್ಕೆ ಬಿದ್ದು, ರಾತ್ರಿ ಎಂಟರ ನಂತರ ಫೋನ್ ಆಫ್ ಮಾಡು ಎಂದೆ. ಅವನು ಹೂಂ ಎಂದು ಹೋದ, ಮಾಡಲಿಲ್ಲ. ಅಂಗಡಿಯವರು ದಿನದ ವ್ಯಾಪಾರ ಮುಗಿಸಿ ಇವನಿಗೆ ಮೆಸೇಜ್ ಮಾಡುವುದೇ ಆ ಹೊತ್ತಿನಲ್ಲಿ. ಕಿರಾಣಿ ಅಂಗಡಿಯವನಿಗೆ ಸಂತೆಯ ದಿನ ಬಾಗಿಲು ಹಾಕು ಎಂದಂತಾಗಿತ್ತು ನನ್ನ ಸಲಹೆ. ಇದು ಚಟವಲ್ಲ, ಕಸುಬು. ಹೊತ್ತುಗೊತ್ತಿಲ್ಲದ, ಲೆಕ್ಕವಿಲ್ಲದ ಕಸುಬು.

ಎರಡನೇ ಭೇಟಿಗೆ ಒಂದು ನೋಟ್‌ಬುಕ್ ತರಿಸಿದೆ. ಇನ್‌ಸ್ಟಾಗ್ರಾಮಿನಲ್ಲಿ ವ್ಯೂಸ್‌ಗೆಂದು ಅವನ ಕೈಗೆ ಒಂದು ಪೈಸೆಯೂ ಬಂದಿರಲಿಲ್ಲ. ಬರುವುದೆಲ್ಲ ಪ್ರಮೋಷನ್ನಿನಿಂದ: ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಸೀರೆ ಅಂಗಡಿ, ಹೊಸ ಮೆಸ್ಸಿನ ಓಪನಿಂಗ್, ಮೊಬೈಲ್ ಅಂಗಡಿ. ಒಂದು ವಿಡಿಯೊಗೆ ಎರಡರಿಂದ ನಾಲ್ಕು ಸಾವಿರ. ಫೋನ್‌ಪೇ ನೋಡುತ್ತ ತಿಂಗಳುವಾರು ಬರೆಸಿದೆ. ದೀಪಾವಳಿಯ ತಿಂಗಳು 19,000, ಮದುವೆ ಸೀಸನ್ನಿನಲ್ಲಿ 14,000. ಜೂನ್ ಕೊನೆಯಿಂದ ಜುಲೈ ಕೊನೆಯತನಕ ಸೊನ್ನೆ. ಆಷಾಢ! ಆಷಾಢದಲ್ಲಿ ಯಾರು ಅಂಗಡಿ ತೆರೆಯುತ್ತಾರೆ, ಯಾರು ಮದುವೆ ಸೀರೆ ತಗೊಳ್ಳುತ್ತಾರೆ? ಹಿಂದಿನ ವರ್ಷದ ಆಷಾಢವೂ ಹಾಗೆಯೇ ಇತ್ತು, ಆಗ ಹೊಸತು, ಹಣದ ನಿರೀಕ್ಷೆ ಇರಲಿಲ್ಲವಾದ್ದರಿಂದ ಗಮನಿಸಿರಲಿಲ್ಲ. ಆ ಪುಟವನ್ನು ಅವನು ಬಹಳ ಹೊತ್ತು ನೋಡುತ್ತ ಕೂತ. ವ್ಯೂಸ್ ಇಳಿದದ್ದೂ ನಿಜ. ಆದರೆ "ಮುಗದೀನಿ" ಎಂಬ ತೀರ್ಮಾನಕ್ಕೆ ಅವನನ್ನು ತಂದದ್ದು ಪಂಚಾಂಗ.

ಕೈ ಖಾಲಿ ಇದ್ದ ಆ ದಿನಗಳಲ್ಲೇ ಟೆಲಿಗ್ರಾಂನಲ್ಲಿ ಒಬ್ಬ ಗಂಟುಬಿದ್ದಿದ್ದ. ದುಡ್ಡು ಕಟ್ಟಿ ಆಡುವ ಆಟದ ಆ್ಯಪ್ ಬಗ್ಗೆ ಮೂರು ಸ್ಟೋರಿ ಹಾಕಿದರೆ 50,000 ರೂಪಾಯಿ. "ಹಾಕ್ಲೇನ್ರಿ?" ಎಂದು ಕೇಳಿದ. ಹೀಗೆ ಮಾಡು, ಹಾಗೆ ಮಾಡಬೇಡ ಎಂದು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಇದಕ್ಕೆ ಮಾತ್ರ ಬೇಡ ಎಂದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಇಂಥ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಕಾನೂನು ಹಾಗಿರಲಿ, ತೊಗರಿ ಮಾರಿದ ದುಡ್ಡು ಕೈಯಲ್ಲಿರುವ ಅವನೂರಿನ ಹುಡುಗರೇ ಮೊದಲು ಆ ಲಿಂಕ್ ಒತ್ತುವವರು. ಇದನ್ನು ಅವನೇ ಹೇಳಿದ, ನಾನು ಹೇಳಬೇಕಾಗಲಿಲ್ಲ. ಹಣ ಪಡೆದು ಮಾಡಿದ ಉಳಿದ ವಿಡಿಯೊಗಳ ಮೇಲೂ ಜಾಹೀರಾತು ಎಂದು ಸ್ಪಷ್ಟವಾಗಿ ಹಾಕಬೇಕೆಂಬ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಮಾರ್ಗಸೂಚಿ ಅವನಿಗೆ ಗೊತ್ತಿರಲಿಲ್ಲ. ಅದನ್ನೂ ತಿಳಿಸಿದೆ.

ಮೂರನೇ ಭೇಟಿಗೆ ಆಯಿಯನ್ನು ಕರೆದುಕೊಂಡು ಬಾ ಎಂದಿದ್ದೆ. ಎಪ್ಪತ್ತು ದಾಟಿದ ಜೀವ. ವಿಡಿಯೊ ಮಾಡುವುದು ನಿಮಗೆ ಇಷ್ಟವೇ ಎಂದು, ಹುಡುಗನನ್ನು ಹೊರಗೆ ಕೂರಿಸಿ ಕೇಳಿದೆ.

"ಯವ್ವಾ, ಇಂವ ಫೋನ್ ಹಿಡದಾಗಷ್ಟ ನನ್ ಮುಂದ ಬಂದ್ ಕೂಡ್ತಾನ. ಇಲ್ಲಾಂದ್ರ ಒಳಗ ಮಕ್ಕೊಂಡಿರ್ತಾನ. ಅದಕ್ಕ ಬೈತೀನಿ. ಬೈದ್ರ ಇನ್ನಷ್ಟ್ ಹೊತ್ತು ಕೂಡ್ತಾನ."

ಯಾರು ನೋಡುತ್ತಾರೆ ಗೊತ್ತೇ ಎಂದೆ. ಊರ ಮಂದಿ ನೋಡುತ್ತಾರೆ ಅಂದುಕೊಂಡಿದ್ದರು. ಎರಡು ಲಕ್ಷ ಎಂದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಅವರ ಒಪ್ಪಿಗೆ ಕೇಳಿ, ಆ ಮಾತನ್ನು ಹುಡುಗನ ಎದುರು ಇನ್ನೊಮ್ಮೆ ಹೇಳಿಸಿದೆ. ಅವನು ತಲೆ ಎತ್ತಲಿಲ್ಲ. ಅವತ್ತು ಬೇರೇನೂ ಮಾತಾಡಲಿಲ್ಲ. ನನಗೂ ಮಾತಾಡಬೇಕೆನಿಸಲಿಲ್ಲ.

ನನ್ನ ಸಲಹೆಗಳೆಲ್ಲ ಆಮೇಲೆ ಈ ಮಾತಿನ ಸುತ್ತಲೇ ಬೆಳೆದವು. ದಿನಾ ಅರ್ಧ ತಾಸು ಫೋನಿಲ್ಲದೆ ಆಯಿ ಹತ್ತಿರ ಕೂಡುವುದು. ಅಪ್ಲೋಡ್ ಮಾಡುವ ಮೊದಲು ಪ್ರತಿ ವಿಡಿಯೊ ಅವರಿಗೆ ತೋರಿಸುವುದು, ಬೇಡ ಎಂದರೆ ಬೇಡ. ಬಂದ ಹಣದಲ್ಲಿ ಮೂರನೇ ಒಂದು ಪಾಲು ಅವರ ಪೋಸ್ಟಾಫೀಸ್ ಖಾತೆಗೆ, ಏಕೆಂದರೆ ಕೆಲಸದಲ್ಲಿ ಅವರ ಪಾಲೂ ಇದೆ. ಇದನ್ನು ಕೇಳಿ ಹೆಚ್ಚು ಬೆರಗಾದವರು ತಾಯಿ. ರಾತ್ರಿ ಪೋಸ್ಟ್ ಮಾಡಿ ಎರಡು ಗಂಟೆಯವರೆಗೆ ಎಣಿಸುತ್ತ ಕೂಡುವ ಬದಲು ಬೆಳಿಗ್ಗೆ ಹಾಕಿ, ಮರುದಿನ ಹತ್ತಕ್ಕೆ ಒಮ್ಮೆ ನೋಡುವುದು. ಒಂದು ವಾರ ಇದು ಆಗಲಿಲ್ಲ, ಎರಡನೇ ವಾರ ನಾಲ್ಕು ದಿನ ಆಯಿತು.

ಯೂಟ್ಯೂಬ್ ಬಗ್ಗೆಯೂ ಮಾತಾಡಿದೆವು. ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ಸ್, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬೇಕು. ಆಯಿ ಒಪ್ಪಿದರೆ ಬೀಸುಕಲ್ಲಿನ ಪದ, ಹಳೆಯ ಬರಗಾಲದ ನೆನಪುಗಳನ್ನು ದೀರ್ಘವಾಗಿ ದಾಖಲಿಸುವ ಆಸೆ ಅವನದು. ಅದು ನಿಧಾನದ ಹಾದಿ, ಆದರೆ ಅವನ ಕಿವಿಗೆ ಸರಿಯಾದ ಹಾದಿ ಎಂದು ನನಗನ್ನಿಸುತ್ತದೆ.

ತಾಯಿಯದು ಬೇರೆ ಹಟ: "371ಜೆ ಸರ್ಟಿಫಿಕೇಟ್ ಅದ, ಡಿಗ್ರಿ ಮುಗಿಸಿದ್ರ ನೌಕರಿ ಸಿಗ್ತದ." (371ಜೆ ಎಂದರೆ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ.) ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ರೀಲ್ಸ್ ಬಿಡಲು ಅಲ್ಲ, ಮುಂದಿನ ಆಷಾಢಕ್ಕೆ ಹೆದರದಿರಲು ಎರಡು ವಿಷಯ ಬರೆದು ಮುಗಿಸು ಎಂದೆ. ಫಾರ್ಮ್ ತುಂಬಿದ್ದಾನೆ.

ಐದನೇ ಭೇಟಿಗೆ ಬಂದಾಗ, ಆಯಿ ಕೂತಲ್ಲೇ ತೂಕಡಿಸುವ ವಿಡಿಯೊ ಅಳಿಸಿದೆ ಎಂದ. ಅವನ ಖಾತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ ವಿಡಿಯೊ ಅದು, 19 ಲಕ್ಷ ವ್ಯೂಸ್. ಬಾಯಿ ತೆರೆದದ್ದು ಕಾಣುತ್ತದೆ ಎಂದು ಆಯಿಗೆ ನಾಚಿಕೆಯಾಗಿತ್ತಂತೆ. "ಅಳಸೂ ಮುಂದ ಕೈ ನಡಗ್ತು ಮೇಡಂ" ಎಂದ. ಸಂಜೆಯ ಅರ್ಧ ತಾಸಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ.

"ತೊಗರಿ ಹಸನ ಮಾಡ್ತೀವ್ರಿ. ನಾ ಹರಳ ಬಿಟ್ಟೀನಂತ ಬೈತಾಳ."