ಬಯೋಸ್‌ಗೆ ಬೀಗ ಹಾಕಿದ ಬ್ರ್ಯಾಂಡೆಡ್ ಕಂಪ್ಯೂಟರ್: ಸ್ಪೀಡ್ ಹೆಚ್ಚಿಸಬಹುದಾ?

ಪ್ರಶ್ನೆ: ಇಳಕಲ್‌ನಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇದೆ. ಮದುವೆ ವಿಡಿಯೊ ಎಡಿಟ್ ಮಾಡಲು ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಕೊಂಡೆ. ಇಂಟೆಲ್ ಕೋರ್ ಐ5-4590, 8 ಜಿಬಿ ರ್‍ಯಾಮ್, ಹಳೆಯ ಹಾರ್ಡ್ ಡಿಸ್ಕ್. ಸಂಜೆ ಎಕ್ಸ್‌ಪೋರ್ಟ್‌ಗೆ ಹಚ್ಚಿದರೆ ಬೆಳಗಾದರೂ ಮುಗಿಯುವುದಿಲ್ಲ. ಮೇ ತಿಂಗಳಲ್ಲಂತೂ ಇನ್ನೂ ನಿಧಾನ. ಓವರ್‌ಕ್ಲಾಕ್ ಮಾಡೋಣ (ಪ್ರೊಸೆಸರನ್ನು ನಿಗದಿತ ವೇಗ ಮೀರಿ ಓಡಿಸೋಣ) ಅಂದರೆ ಬಯೋಸ್‌ನಲ್ಲಿ, ಅಂದರೆ ಮಷಿನ್ ಶುರುವಾಗುವಾಗ ಓಡುವ ಮೂಲ ಸಾಫ್ಟ್‌ವೇರ್‌ನಲ್ಲಿ, ಆ ಆಯ್ಕೆಯೇ ಇಲ್ಲ. ಬೇರೆ ಬಯೋಸ್ ಹಾಕಿದರೆ ಬೀಗ ತೆರೆಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ಹಾಕಿಸಲಾ ಸರ್?

ಉತ್ತರ: ದಯವಿಟ್ಟು ಹಾಕಿಸಬೇಡಿ. ಬಯೋಸ್ ಬದಲಿಸಿದರೂ ನಿಮ್ಮ ಬೀಗ ತೆರೆಯುವುದಿಲ್ಲ, ಏಕೆಂದರೆ ಅದು ಇರುವುದು ಪ್ರೊಸೆಸರ್ ಒಳಗೇ.

ನಿಮ್ಮ ಪ್ರೊಸೆಸರ್‌ನ ವೇಗ 3.3 ಗಿಗಾಹರ್ಟ್ಸ್. ಅಂದರೆ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು 33ರಿಂದ ಗುಣಿಸಿದ್ದು. ಕೆಲಸ ಜಾಸ್ತಿ ಬಿದ್ದಾಗ ಅದು ತಾನೇ 3.7ರವರೆಗೆ ಏರುತ್ತದೆ. ಅದರಾಚೆ ಹೋಗದಂತೆ ಇಂಟೆಲ್ ಕಂಪನಿಯೇ ಕಟ್ಟು ಹಾಕಿದೆ. ಈ ಸಾಲಿನ ಐ5, ಐ7 ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇದ್ದರಷ್ಟೇ ಆ ಗುಣಕವನ್ನು, ಅಂದರೆ 33ನ್ನು, ಮೇಲಕ್ಕೆ ಏರಿಸಬಹುದು. ಅದಕ್ಕೆಂದೇ ಬಂದ ಜೆಡ್87, ಜೆಡ್97 ಚಿಪ್‌ಸೆಟ್‌ನ ಮದರ್‌ಬೋರ್ಡ್ ಕೂಡ ಬೇಕು. ಆಫೀಸಿಗೆಂದು ಮಾಡಿದ ಮಷಿನ್‌ನಲ್ಲಿ ಎರಡೂ ಇರುವುದಿಲ್ಲ.

ಇನ್ನು ಆ 100ನ್ನೇ ಏರಿಸೋಣ ಅಂದರೆ, ಈ ತಲೆಮಾರಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ (ಗ್ರಾಫಿಕ್ಸ್ ಕಾರ್ಡ್‌ನಂಥವು ಬೋರ್ಡ್‌ಗೆ ಸೇರುವ ದಾರಿ) ಕೂಡ ಅದೇ ತಾಳಕ್ಕೆ ನಡೆಯುತ್ತದೆ. 105ರ ಹತ್ತಿರ ಬರುವಷ್ಟರಲ್ಲೇ ಮಷಿನ್ ತಡವರಿಸಲು ಶುರು. ಹಾಗೂ ಹೀಗೂ ಓಡಿತು ಅಂತಿಟ್ಟುಕೊಳ್ಳಿ, 100 ನಿಮಿಷದ ಕೆಲಸ 95 ನಿಮಿಷಕ್ಕೆ ಮುಗಿದೀತು, ಅಷ್ಟೇ. ಆ ಐದು ನಿಮಿಷಕ್ಕಾಗಿ ಇಡೀ ಬೋರ್ಡನ್ನು ಪಣಕ್ಕಿಡಬೇಕಾ? ತಿದ್ದಿದ ಬಯೋಸ್ ಬರೆಯುವಾಗ ತಪ್ಪಾದರೆ ಪರದೆಯೇ ಹತ್ತುವುದಿಲ್ಲ. ಆಮೇಲೆ ಪ್ರೋಗ್ರಾಮರ್ ಎಂಬ ಉಪಕರಣ ಜೋಡಿಸಿ ಬಯೋಸ್ ಇರುವ ಚಿಪ್‌ಗೆ ಮತ್ತೆ ಬರೆಯಬೇಕು. ಮದುವೆ ಸೀಸನ್‌ನಲ್ಲಿ ಹಾಗೆ ಸತ್ತ ಮಷಿನ್ ಹೊತ್ತುಕೊಂಡು ಬಂದವರ ಮುಖ ನಾನು ನೋಡಿದ್ದೇನೆ.

ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನ ಗಮನ ಸೆಳೆಯಿತು: ಮೇ ತಿಂಗಳಲ್ಲಿ ಇನ್ನೂ ನಿಧಾನ. ಅಲ್ಲೇ ಸುಳಿವಿದೆ. ಬಾಗಲಕೋಟೆ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಪ್ರೊಸೆಸರ್ 100 ಡಿಗ್ರಿಯ ಆಸುಪಾಸಿಗೆ ಬಂದರೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ಹೆಚ್ಚಿನ ವೇಗದ ಮಾತು ಆಮೇಲೆ, ಇರುವ ವೇಗವೇ ನಿಮಗೆ ಸಿಗುತ್ತಿಲ್ಲದಿರಬಹುದು. ಎಕ್ಸ್‌ಪೋರ್ಟ್ ಹಚ್ಚಿ ಅರ್ಧ ಗಂಟೆಯಾದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ ನೋಡಿ. 3.3ಕ್ಕಿಂತ ಕೆಳಗೆ ಬಿದ್ದು ಅಲ್ಲೇ ನಿಂತಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆಯೇ.

ಹಾಗಿದ್ದರೆ ವೈರ್ ಕಿತ್ತು ಡಬ್ಬಿ ಬಿಚ್ಚಿ. ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಪಕ್ಕದಲ್ಲಿ ಮಗ್ಗ ಇದ್ದರಂತೂ ನೂಲಿನ ಎಳೆಯೂ ಸೇರಿಕೊಳ್ಳುತ್ತದೆ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಆಮೇಲೆ ಹೀಟ್‌ಸಿಂಕ್ ತೆಗೆದು, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಈ ಪ್ರೊಸೆಸರ್ 2014ರದ್ದು. ಪೇಸ್ಟ್ ಅಂದಿನದೇ ಆಗಿದ್ದರೆ ಸುಣ್ಣದ ಹಾಗೆ ಉದುರುತ್ತದೆ. ಮಷಿನ್ ಮೇಜಿನ ಕಪಾಟಿನೊಳಗೆ ಇದ್ದರೆ ಹೊರಗೆ ತಂದಿಡಿ.

ಎರಡನೆಯ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ. ನಿಮ್ಮ ಪ್ರೊಸೆಸರ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಭಾಗ ಇದೆ. ವಿಡಿಯೊ ಎನ್‌ಕೋಡ್ ಮಾಡಲೆಂದೇ, ಅಂದರೆ ಕುಗ್ಗಿಸಿ ಫೈಲ್ ಆಗಿ ಬರೆಯಲೆಂದೇ ಇರುವುದು. ಎಡಿಟಿಂಗ್ ಸಾಫ್ಟ್‌ವೇರ್‌ನ ಎಕ್ಸ್‌ಪೋರ್ಟ್ ಪುಟದಲ್ಲಿ ಎಚ್.264 ಎಂಬ ವಿಡಿಯೊ ಮಾದರಿ ಆರಿಸಿ, ಹಾರ್ಡ್‌ವೇರ್ ಎನ್‌ಕೋಡಿಂಗ್ ಇದ್ದರೆ ಆನ್ ಮಾಡಿ. ಓವರ್‌ಕ್ಲಾಕ್‌ನಿಂದ ಎಂದೂ ಸಿಗದಷ್ಟು ಸಮಯ ಇಲ್ಲಿ ಉಳಿಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಒಳಗಿನ ಗ್ರಾಫಿಕ್ಸ್ ಬಂದ್ ಆಗಿರಬಹುದು, ಅದನ್ನೂ ನೋಡಿ. ಹೊಸ ಫೋನ್‌ಗಳ ಎಚ್‌ಇವಿಸಿ ಎಂಬ ಹೊಸ ಮಾದರಿಯ ವಿಡಿಯೊ ಮಾತ್ರ ಈ ಮಷಿನ್‌ಗೆ ಭಾರ. ಅದನ್ನು ಮೊದಲು ಎಚ್.264ಗೆ ಬದಲಿಸಿಕೊಂಡು ಎಡಿಟ್‌ಗೆ ಕೂರಿ.

ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಬದಲು ಬಳಸುವ ವೇಗದ ಡ್ರೈವ್. 8 ಜಿಬಿ ರ್‍ಯಾಮ್ ಒಂದೇ ಪಟ್ಟಿಯಲ್ಲಿದ್ದರೆ ಅದೇ ಥರದ್ದು ಇನ್ನೊಂದು ಹಾಕಿ, ಎರಡು ಚಾನೆಲ್ (ರ್‍ಯಾಮ್‌ಗೆ ಹೋಗುವ ದಾರಿ) ಒಟ್ಟಿಗೆ ಓಡುತ್ತವೆ. ಅದೂ ಸಾಲದಿದ್ದರೆ ಹಳೆಯ ಐ7-4790 ಪ್ರೊಸೆಸರ್ ಹುಡುಕಿ. ಸಾಕೆಟ್ ಅದೇ, 84 ವಾಟ್ ಅದೇ. ಆದರೆ ನಾಲ್ಕು ಕೋರ್‌ಗೆ ಎಂಟು ಥ್ರೆಡ್ (ಏಕಕಾಲಕ್ಕೆ ಸಾಗುವ ಕೆಲಸದ ಸಾಲು), ವೇಗ 4.0 ಗಿಗಾಹರ್ಟ್ಸ್‌ವರೆಗೆ. ಕೊಳ್ಳುವ ಮೊದಲು ನಿಮ್ಮ ಮಾಡೆಲ್ ಅದಕ್ಕೆ ಒಪ್ಪುತ್ತದಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ.

ಧೂಳು ತೆಗೆಯುವ ಮುಂಚೆ ಐದು ನಿಮಿಷದ ಒಂದು ಕ್ಲಿಪ್ ಎಕ್ಸ್‌ಪೋರ್ಟ್ ಮಾಡಿ ಎಷ್ಟು ಹೊತ್ತಾಯಿತು ಅಂತ ಬರೆದಿಡಿ. ಪೇಸ್ಟ್ ಬದಲಿಸಿದ ಮೇಲೆ ಒಮ್ಮೆ, ಕ್ವಿಕ್ ಸಿಂಕ್ ಆನ್ ಮಾಡಿ ಇನ್ನೊಮ್ಮೆ ಅದನ್ನೇ ಓಡಿಸಿ. ಮೂರೂ ಲೆಕ್ಕ ನನಗೆ ಕಳಿಸಿ, ಎಸ್‌ಎಸ್‌ಡಿ ಮೊದಲೋ ರ್‍ಯಾಮ್ ಮೊದಲೋ ನೋಡಿ ಹೇಳುತ್ತೇನೆ.