ಬೆಳಿಗ್ಗೆ ಎದ್ದ ತಕ್ಷಣ ಅಮ್ಮನ ಹಿಮ್ಮಡಿ ನೋಯುತ್ತದೆ, ಆಪರೇಷನ್ ಬೇಕಾ?

ಆಪರೇಷನ್ ಮಾತು ಸದ್ಯಕ್ಕೆ ಬಿಡಿ. ತೀರ್ಥಹಳ್ಳಿ ಹತ್ತಿರ ತೋಟದ ಮನೆ, ಅಮ್ಮನಿಗೆ 52 ವರ್ಷ, ಬೆಳಿಗ್ಗೆ ಕಾಲೂರಿದರೆ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗೆ, ನಾಲ್ಕು ಹೆಜ್ಜೆ ನಡೆದರೆ ಕಮ್ಮಿ, ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಅಂತ ಬರೆದಿದ್ದೀರಿ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಈ ತರಹದ ನೋವು ಹೆಚ್ಚಾಗಿ ಪ್ಲಾಂಟರ್ ಫೇಶಿಯೈಟಿಸ್ ಆಗಿರುತ್ತದೆ.

ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಜಗ್ಗಿ ಜಗ್ಗಿ ಅದು ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಜಖಂ ಆಗುತ್ತದೆ. ರಾತ್ರಿ ಮುದುಡಿಕೊಂಡಿದ್ದದ್ದು ಬೆಳಿಗ್ಗೆ ಭಾರ ಬಿದ್ದ ಕೂಡಲೇ ಎಳೆಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಆ ಮೂಳೆ ನೋವೇ ಇಲ್ಲದವರ ಕಾಲಲ್ಲೂ ಇರುತ್ತದೆ. ಅದನ್ನು ತೋರಿಸಿ ಸುಮ್ನೆ ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಮನೆಯ ನೆಲ ನೋಡಿ. ಟೈಲ್ಸೋ ಗ್ರಾನೈಟೋ ಇರಬೇಕು ಅಲ್ವಾ? ಅಡಿಕೆ ಸುಲಿತದ ಕಾಲದಲ್ಲಿ ಆಳುಗಳಿಗೂ ಸೇರಿಸಿ ಅಡುಗೆ, ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತೇ ಕೆಲಸ. ಹೊರಗೆ ಹೊರಟರೆ ಹಳೇ ಹವಾಯಿ ಚಪ್ಪಲಿ. ಅದನ್ನೊಮ್ಮೆ ತಿರುಗಿಸಿ ನೋಡಿ, ಹಿಮ್ಮಡಿ ಜಾಗ ಸವೆದು ತೆಳ್ಳಗಾಗಿದ್ದರೆ ಇವತ್ತೇ ಎಸೆಯಿರಿ. ದಪ್ಪ, ಮೆತ್ತನೆ ಅಟ್ಟೆಯ ಚಪ್ಪಲಿ ಮನೆಯೊಳಗೂ ಬೇಕು. ದೇವರ ಕೋಣೆಗೆ ಹೋಗುವಾಗ ಬಿಟ್ಟರಾಯಿತು. ಇದಕ್ಕೆ ಅಮ್ಮಂದಿರನ್ನು ಒಪ್ಪಿಸುವುದೇ ಚಿಕಿತ್ಸೆಯಲ್ಲಿ ಕಷ್ಟದ ಭಾಗ!

ಇನ್ನು ವ್ಯಾಯಾಮ. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲು ಚಾಚಿ ಕೂತು, ಬೈರಾಸನ್ನು (ಟವೆಲ್) ಬೆರಳುಗಳ ಬುಡಕ್ಕೆ ಹಾಕಿ ತಮ್ಮ ಕಡೆಗೆ ಎಳೆಯಲಿ. 30 ಸೆಕೆಂಡ್, ಮೂರು ಸಲ. ಆಮೇಲೆ ಗೋಡೆಗೆ ಕೈಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಬೇಕು. ಮೀನಖಂಡ ಬಿಗಿಯಾಗಿದ್ದರೂ ಅಂಗಾಲು ಎಳೆಯುತ್ತದೆ, ತೋಟದ ದರೆ, ಅಂದರೆ ಕಡಿದಾದ ದಿಬ್ಬ, ಹತ್ತಿ ಇಳಿಯುವವರಿಗೆ ಇದು ಜಾಸ್ತಿ. ಸಂಜೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಅಂಗಾಲ ಕೆಳಗೆ ಹತ್ತು ನಿಮಿಷ ಉರುಳಿಸಲಿ. ವಾರದಲ್ಲಿ ಹೋಗುವ ನೋವಲ್ಲ. ಬಹಳ ಜನರಿಗೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೇ ಆಗುತ್ತದೆ. ಹಿಮ್ಮಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡಬಹುದು, ಆದರೆ ಪದೇ ಪದೇ ತೆಗೆದುಕೊಂಡರೆ ಆ ಪಟ್ಟಿಯೇ ಹರಿಯುವ ಅಪಾಯ ಇದೆ.

ಎಲ್ಲ ಕಾಲುನೋವೂ ಇದೇ ಅಲ್ಲ. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿದರೆ ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವು) ಇರಬಹುದು. ಎರಡೂ ಪಾದ, ಕೈಬೆರಳು ಎಲ್ಲ ಬೆಳಿಗ್ಗೆ ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದರೆ ಸಂಧಿವಾತದ ಪರೀಕ್ಷೆ ಮಾಡಿಸಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೂ, ನೋವಿನ ಜೊತೆ ಜ್ವರ ಬಂದರೂ ಕಾಯಬೇಡಿ.

ಮಳೆಗಾಲದಲ್ಲಿ ಹಿಮ್ಮಡಿ ಒಡೆದಿದ್ದರೆ ಬರಿಗಾಲಲ್ಲಿ ಗದ್ದೆಗೆ ಇಳಿಸಬೇಡಿ. ಆ ಬಿರುಕಿನಿಂದಲೇ ಇಲಿಜ್ವರ ಒಳಗೆ ಬರಬಹುದು. ಗಮ್‌ಬೂಟ್ ಹಾಕಲಿ. ಬಿಚ್ಚಿದ ಮೇಲೆ ಬೆರಳ ಸಂದಿ ಒರೆಸಬೇಕು, ಇಲ್ಲವಾದರೆ ಕೆಸರುಹುಣ್ಣು ಗ್ಯಾರಂಟಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಮಾತ್ರ, ಸಂದಿಗೆ ಬೇಡ.

ಅಮ್ಮನಿಗೆ ಶುಗರ್ ಇದೆಯಾ ಅಂತ ನೀವು ಬರೆದಿಲ್ಲ. ಕೇಳುತ್ತಿರುವುದು ಯಾಕೆಂದರೆ, ನಮ್ಮ ಕಡೆ ಬಿಸಿ ಇಟ್ಟಿಗೆ ಮೇಲೆ ಎಕ್ಕದ ಎಲೆ ಹಾಕಿ ಹಿಮ್ಮಡಿ ಊರುವ ರೂಢಿ ಇದೆ. ಶುಗರಿನಿಂದ ಪಾದ ಮರಗಟ್ಟಿದ್ದರೆ ಸುಟ್ಟಿದ್ದೇ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ನನ್ನ ಹತ್ತಿರ ಬಂದವರಿದ್ದಾರೆ. ಅಂಥವರಿಗೆ ಇಟ್ಟಿಗೆಯೂ ಬೇಡ, ಐಸ್ ಬಾಟಲಿಯೂ ಬೇಡ. ದಿನಾ ರಾತ್ರಿ ಅಂಗಾಲನ್ನು ನೀವೇ ನೋಡಿ, ಸಣ್ಣ ಗಾಯ ಕಂಡರೂ ಡಾಕ್ಟರಿಗೆ ತೋರಿಸಿ.